ಹಾಲು ಕೊಡದ ಹೋರಿಯ ಹಾಲಿನ ಲೆಕ್ಕ

ಹೋರಿ ಹಾಲು ಕೊಡುವುದಿಲ್ಲ. ಹೈನುತಳಿಗಳ ಆಯ್ಕೆಯ ಶಾಸ್ತ್ರವೆಲ್ಲ ಬೆಳೆದದ್ದು ಈ ಒಂದು ತೊಡಕಿನ ಸುತ್ತ. ಹಸು ತನ್ನ ಬಾಳಿನಲ್ಲಿ ಐದೋ ಆರೋ ಕರು ಹಾಕೀತು. ಕೃತಕ ಗರ್ಭಧಾರಣೆ ಬಂದ ಮೇಲೆ ಹೋರಿಗೆ ಅಂಥ ಮಿತಿಯೇ ಉಳಿಯಲಿಲ್ಲ. ಟಾಯ್‌ಸ್ಟೋರಿ ಎಂಬ ಅಮೆರಿಕದ ಹೋಲ್‌ಸ್ಟೀನ್ ಹೋರಿ 2014ರಲ್ಲಿ ಸಾಯುವ ಹೊತ್ತಿಗೆ ಅದರಿಂದ 24 ಲಕ್ಷ ವೀರ್ಯ ನಳಿಕೆಗಳು ತಯಾರಾಗಿದ್ದವು; ಐವತ್ತಕ್ಕೂ ಹೆಚ್ಚು ದೇಶಗಳ ಕೊಟ್ಟಿಗೆಗಳಲ್ಲಿ ಅದರ ಮಕ್ಕಳಿದ್ದವು. ಇಂಥ ಒಂದು ಹೋರಿಯ ಆಯ್ಕೆ ತಪ್ಪಿದರೆ ನಾಡಿಗೆ ನಾಡೇ ಅದನ್ನು ಉಣ್ಣಬೇಕು. ಆದರೆ ಯಾವ ಗುಣಕ್ಕಾಗಿ ಅದನ್ನು ಆರಿಸುತ್ತೇವೋ ಆ ಗುಣ ಅದರ ಮೈಮೇಲೆ ಎಲ್ಲೂ ಕಾಣುವುದಿಲ್ಲ. ಜಾತ್ರೆಯಲ್ಲಿ ಸುಳಿ, ಕೊಂಬು, ಗೊರಸು, ನಡೆ ನೋಡಿ ಜೋಡಿ ಕಟ್ಟುವ ಹಿರಿಯರ ಕಣ್ಣು ಉಳುಮೆಯ ಎತ್ತಿಗೆ ಸಾಕಾಗುತ್ತಿತ್ತು. ಹಾಲಿಗೆ ಅದು ನಡೆಯುವುದಿಲ್ಲ.

ಇದಕ್ಕೆ ಹಿಂದಿನ ಶತಮಾನ ಕಂಡುಕೊಂಡ ದಾರಿ ಸಂತತಿ ಪರೀಕ್ಷೆ. ವಯಸ್ಸಿಗೆ ಬಂದ ಹೋರಿಯ ವೀರ್ಯವನ್ನು ಬೇರೆ ಬೇರೆ ಕೊಟ್ಟಿಗೆಗಳಿಗೆ ಹಂಚುವುದು, ಹುಟ್ಟಿದ ಹೆಣ್ಣುಗರುಗಳು ಮಣಕವಾಗಿ, ಗಬ್ಬವಾಗಿ, ಈದು, ಮೊದಲ ಸೂಲು ಮುಗಿಸುವವರೆಗೆ ಕಾಯುವುದು, ಆಮೇಲೆ ಅವು ಕೊಟ್ಟ ಹಾಲಿನ ಲೆಕ್ಕದಿಂದ ಅಪ್ಪನಿಗೆ ಅಂಕ ಕೊಡುವುದು. ಮೇವು ನೀರು ಚೆನ್ನಾಗಿರುವ ದೇಶಗಳಲ್ಲೇ ಇದಕ್ಕೆ ಐದು ವರ್ಷ ಬೇಕು. ಮೊದಲ ಕರು ಹಾಕಲು ನಾಲ್ಕು ವರ್ಷ ತೆಗೆದುಕೊಳ್ಳುವ ನಮ್ಮ ನಾಟಿ ತಳಿಗಳಲ್ಲಿ ಏಳೆಂಟು ವರ್ಷ. ಅಲ್ಲಿಯವರೆಗೆ ಹತ್ತಾರು ಹೋರಿಗಳನ್ನು ಕಟ್ಟಿ ಸಾಕಬೇಕು. ಕೊನೆಗೆ ಅವುಗಳಲ್ಲಿ ಒಂದೋ ಎರಡೋ ನಿಲ್ಲುತ್ತವೆ, ಉಳಿದವು ತಿಂದ ಮೇವು ದಂಡ.

ಆದರೂ ಸಂತತಿ ಪರೀಕ್ಷೆ ಕೊಡುತ್ತಿದ್ದ ಉತ್ತರ ಗಟ್ಟಿಯಾದದ್ದು. ಹಾಲಿನ ಇಳುವರಿಯಲ್ಲಿ ಹಸುವಿನಿಂದ ಹಸುವಿಗೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ 30ರಷ್ಟು ಮಾತ್ರ ರಕ್ತದಿಂದ ಬಂದದ್ದು. ಮಿಕ್ಕಿದ್ದು ಮೇವು, ಆರೈಕೆ, ಹವೆ, ಅದೃಷ್ಟ. ಈ ಲೆಕ್ಕ ಹಿಡಿದರೆ, ನೂರು ಹೆಣ್ಣುಮಕ್ಕಳ ದಾಖಲೆ ಸಿಕ್ಕ ಹೋರಿಯ ತಳಿಮೌಲ್ಯವನ್ನು ನೂರಕ್ಕೆ 89ರ ವಿಶ್ವಾಸಾರ್ಹತೆಯಲ್ಲಿ ಹೇಳಬಹುದು. ಗಬ್ಬ ನಿಲ್ಲುವ ಗುಣದ ಕತೆ ಬೇರೆ. ಅದರಲ್ಲಿ ರಕ್ತದ ಪಾಲು ಶೇ 4ರ ಆಸುಪಾಸು. ಅದೇ ನೂರು ಹೆಣ್ಣುಮಕ್ಕಳು ಸಿಕ್ಕರೂ ವಿಶ್ವಾಸಾರ್ಹತೆ 50ಕ್ಕೆ ನಿಲ್ಲುತ್ತದೆ. ಹಾಲನ್ನು ಅಳೆಯುವುದು ಸುಲಭ, ಗಬ್ಬವನ್ನು ಅಳೆಯುವುದು ಕಷ್ಟ ಎಂಬ ಕಾರಣಕ್ಕೇ ದಶಕಗಳ ಕಾಲ ಹಾಲು ಏರಿತು, ಗಬ್ಬ ಕಟ್ಟುವ ಶಕ್ತಿ ಇಳಿಯಿತು. ಅಮೆರಿಕದ ಹೋಲ್‌ಸ್ಟೀನ್‌ಗಳಲ್ಲಿ 1960ರ ದಶಕದಿಂದ ಶತಮಾನದ ಕೊನೆಯವರೆಗೂ ನಡೆದದ್ದು ಇದೇ. ಹೋರಿಗಳ ಮೌಲ್ಯಮಾಪನದಲ್ಲಿ ಹೆಣ್ಣುಮಕ್ಕಳ ಗಬ್ಬದ ದರಕ್ಕೆ ಅಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ.

ಡಿಎನ್‌ಎ ಈ ಕಾಯುವಿಕೆಯನ್ನು ಎಲ್ಲಿ ತುಂಡರಿಸುತ್ತದೆ ಎಂಬುದನ್ನು ನೋಡಬೇಕು. ಒಂದೇ ಅಪ್ಪ, ಒಂದೇ ಅಮ್ಮನಿಗೆ ಹುಟ್ಟಿದ ಇಬ್ಬರು ಅಣ್ಣತಮ್ಮ ಹೋರಿಗರುಗಳನ್ನು ಎದುರಿಗೆ ಕಟ್ಟಿಕೊಳ್ಳಿ. ವಂಶಾವಳಿಯ ಪುಸ್ತಕದಲ್ಲಿ ಇಬ್ಬರದೂ ಒಂದೇ ಅಂಕ, ಅಪ್ಪ ಅಮ್ಮನ ಸರಾಸರಿ. ನಿಜದಲ್ಲಿ ಅವರಿಬ್ಬರೂ ಒಂದೇ ಅಲ್ಲ. ಅಪ್ಪನ ಪ್ರತಿ ಜೋಡಿ ವರ್ಣತಂತುವಿನಿಂದ ಯಾವ ಅರ್ಧ ಯಾರಿಗೆ ಹೋಯಿತು ಎಂಬುದು ಲಾಟರಿ. ಅಮ್ಮನ ಕಡೆಯಿಂದಲೂ ಹಾಗೆಯೇ. ಒಡಹುಟ್ಟಿದವರ ನಡುವಿನ ಈ ವ್ಯತ್ಯಾಸ ಸಣ್ಣದಲ್ಲ: ಇಡೀ ತಳಿಯಲ್ಲಿ ಕಾಣುವ ರಕ್ತದ ವೈವಿಧ್ಯದಲ್ಲಿ ಸುಮಾರು ಅರ್ಧ ಇಲ್ಲೇ ಅಡಗಿದೆ. ಹಿಂದೆ ಈ ಲಾಟರಿಯ ಫಲಿತಾಂಶ ತಿಳಿಯಲು ಹೆಣ್ಣುಮಕ್ಕಳು ಹಾಲು ಹಿಂಡುವವರೆಗೆ ಕಾಯಬೇಕಿತ್ತು. ಈಗ ಕರುವಿನ ಕಿವಿಯಂಚಿನಿಂದ ಚಿಟಿಕೆಯಷ್ಟು ಅಂಗಾಂಶ ತೆಗೆದರೆ, ಅಥವಾ ಬುಡ ಸಮೇತ ಬಾಲದ ನಾಲ್ಕು ಕೂದಲು ಕಿತ್ತರೆ, ಸಾಕು.

ದನದ ಜೀನೋಮಿನಲ್ಲಿ 30 ಜೋಡಿ ವರ್ಣತಂತು, ಸುಮಾರು 270 ಕೋಟಿ ಅಕ್ಷರ. ಎಲ್ಲವನ್ನೂ ಓದುವ ಅಗತ್ಯವಿಲ್ಲ. ತಳಿಯೊಳಗೆ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಅಕ್ಷರ ಬದಲಾಗುವ ಜಾಗಗಳನ್ನಷ್ಟೇ ಆರಿಸಿ ಗಾಜಿನ ಬಿಲ್ಲೆಯ ಮೇಲೆ ಪರೀಕ್ಷಿಸುವುದು ಚಿಪ್‌ನ ಕೆಲಸ. 2008ರ ಸುಮಾರಿಗೆ ಬಳಕೆಗೆ ಬಂದ ಮೊದಲ ದೊಡ್ಡ ಚಿಪ್‌ನಲ್ಲಿ ಸುಮಾರು 54,000 ಜಾಗಗಳಿದ್ದವು, ಅಂದರೆ ಸರಾಸರಿ ಐವತ್ತು ಸಾವಿರ ಅಕ್ಷರಕ್ಕೊಂದು. ಇವು ಹಾಲಿನ ಜೀನುಗಳಲ್ಲ. ಹೆದ್ದಾರಿಯ ಮೈಲಿಗಲ್ಲಿನಂತೆ, ಹತ್ತಿರದಲ್ಲಿ ಎಲ್ಲೋ ಇರುವ ಊರಿನ ಸುಳಿವು ಕೊಡುವ ಗುರುತುಗಳು. ಪ್ರತಿ ಗುರುತಿನಲ್ಲೂ, ಬದಲಾದ ಅಕ್ಷರದ ಎಷ್ಟು ಪ್ರತಿಗಳಿವೆ ಎಂಬುದಕ್ಕೆ ತಕ್ಕಂತೆ, ಪ್ರಾಣಿಗೆ ಸಿಗುವುದು ಸೊನ್ನೆ, ಒಂದು ಅಥವಾ ಎರಡು. ಮನುಷ್ಯನ ಕಣ್ಣಿಗೆ ಅದು ಅರ್ಥವಿಲ್ಲದ ಅಂಕಿಗಳ ಉದ್ದ ಸಾಲು.

ಅರ್ಥ ಹುಟ್ಟುವುದು ಹಾಲಿನ ಲೆಕ್ಕದ ಇನ್ನೊಂದು ಸಾಲು ಪಕ್ಕಕ್ಕೆ ಬಂದಾಗ. ಥಿಯೋ ಮ್ಯೂವಿಸನ್, ಬೆನ್ ಹೇಯ್ಸ್, ಮೈಕ್ ಗಾಡರ್ಡ್ 2001ರಲ್ಲಿ ಬರೆದ ಪ್ರಬಂಧ ಹೇಳಿದ್ದು ಇದನ್ನೇ: ಯಾವ ಜೀನು ಏನು ಮಾಡುತ್ತದೆ ಎಂದು ಒಂದೊಂದಾಗಿ ಹುಡುಕುತ್ತ ಕೂರಬೇಡಿ, ಸಾವಿರಾರು ಗುರುತುಗಳ ಸಣ್ಣ ಸಣ್ಣ ಪ್ರಭಾವವನ್ನು ಒಟ್ಟಿಗೆ ಅಂದಾಜು ಮಾಡಿ ಕೂಡಿಸಿ. ಆಗ ಅಷ್ಟು ದಟ್ಟವಾದ ಚಿಪ್ ಎಲ್ಲೂ ಇರಲಿಲ್ಲ. ಗುರುತುಗಳ ಪ್ರಭಾವ ಅಂದಾಜು ಮಾಡಬೇಕೆಂದರೆ ಡಿಎನ್‌ಎಯೂ ಗೊತ್ತಿರುವ, ಹೆಣ್ಣುಮಕ್ಕಳ ಹಾಲಿನ ಲೆಕ್ಕವೂ ಗೊತ್ತಿರುವ ಸಾವಿರಾರು ಹೋರಿಗಳು ಬೇಕು. ಇದನ್ನು ಆಧಾರ ಗುಂಪು ಅನ್ನೋಣ. ಅಮೆರಿಕದ ಅದೃಷ್ಟವೆಂದರೆ, ಸತ್ತುಹೋದ ಹೋರಿಗಳ ವೀರ್ಯ ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಹಾಗೇ ಉಳಿದಿತ್ತು, ಅವುಗಳ ಹೆಣ್ಣುಮಕ್ಕಳ ಹಾಲಿನ ದಾಖಲೆ ದಶಕಗಳಿಂದ ಬರೆದಿಟ್ಟಿತ್ತು. ಅಲ್ಲಿನ ಕೃಷಿ ಇಲಾಖೆಯ ಪಾಲ್ ವ್ಯಾನ್‌ರೇಡನ್ ಮತ್ತು ಸಂಗಡಿಗರು ಒಂದು ಸೊಗಸಾದ ಪರೀಕ್ಷೆ ಮಾಡಿದರು. ಗಡಿಯಾರವನ್ನು 2003ಕ್ಕೆ ತಿರುಗಿಸಿದಂತೆ ಮಾಡಿ, ಆಗಿದ್ದ ದಾಖಲೆಯಷ್ಟನ್ನೇ ಇಟ್ಟುಕೊಂಡು, 3,576 ಹಳೆಯ ಹೋರಿಗಳಿಂದ ಕಲಿತ ಸೂತ್ರವನ್ನು 1,759 ಕಿರಿಯ ಹೋರಿಗಳ ಮೇಲೆ ಹಚ್ಚಿದರು. 2008ರ ಹೊತ್ತಿಗೆ ಆ ಕಿರಿಯ ಹೋರಿಗಳ ಹೆಣ್ಣುಮಕ್ಕಳು ಹಾಲು ಕೊಟ್ಟಾಗಿತ್ತು. ಸೂತ್ರ ಹೇಳಿದ್ದನ್ನೂ ಕೆಚ್ಚಲು ಹೇಳಿದ್ದನ್ನೂ ತಾಳೆ ನೋಡಿದರೆ, ಅಪ್ಪ ಅಮ್ಮನ ಸರಾಸರಿಗಿಂತ ಡಿಎನ್‌ಎ ಎಷ್ಟೋ ಮುಂದಿತ್ತು. 2009ರ ಜನವರಿಯಲ್ಲಿ ಹೋಲ್‌ಸ್ಟೀನ್ ಮತ್ತು ಜರ್ಸಿಗಳಿಗೆ ಇದು ಅಧಿಕೃತವಾಯಿತು. ಬ್ಯಾಜರ್ ಬ್ಲಫ್ ಫ್ಯಾನಿ ಫ್ರೆಡ್ಡಿ ಎಂಬ ಹೋರಿಯನ್ನು ಒಬ್ಬಳೇ ಒಬ್ಬ ಮಗಳ ದಾಖಲೆಯೂ ಇಲ್ಲದಾಗ ಇವರ ಸಮೀಕರಣ ಅತ್ಯುತ್ತಮ ಎಂದಿತ್ತು. ಕೆಲವೇ ವರ್ಷದಲ್ಲಿ ನೂರಾರು ಹೆಣ್ಣುಮಕ್ಕಳು ಅದನ್ನು ಸಾಬೀತು ಮಾಡಿದರು.

ಈಗ ಅಮೆರಿಕದಂಥ ದೇಶಗಳಲ್ಲಿ ಹೋಲ್‌ಸ್ಟೀನ್ ಕರುವೊಂದರ ಹಾಲಿನ ತಳಿಮೌಲ್ಯದ ವಿಶ್ವಾಸಾರ್ಹತೆ, ಹುಟ್ಟಿದ ಕೆಲವೇ ವಾರಗಳಲ್ಲಿ, 70ರ ಆಸುಪಾಸು. 89ಕ್ಕಿಂತ ಕಡಿಮೆಯೇ. ಆದರೆ ಐದು ವರ್ಷ ಮೊದಲೇ ಸಿಗುತ್ತದೆ, ಗೆದ್ದದ್ದು ಅಲ್ಲಿ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಏಳು ವರ್ಷದ ಬದಲಾವಣೆಯನ್ನು ಲೆಕ್ಕ ಹಾಕಿತು. ಮುಂದಿನ ಹೋರಿಗಳ ಅಪ್ಪನಾಗುವ ಹೋರಿಗೆ ಹಿಂದೆ ಸುಮಾರು ಏಳು ವರ್ಷ ಆಗಿರುತ್ತಿತ್ತು. ಈಗ ಎರಡೂವರೆ ವರ್ಷಕ್ಕೂ ಕಡಿಮೆ. ಹಾಲು, ಕೊಬ್ಬು, ಪ್ರೋಟೀನಿನ ವಾರ್ಷಿಕ ಪ್ರಗತಿ ಹಿಂದಿನದರ ಒಂದೂವರೆಯಿಂದ ಎರಡು ಪಟ್ಟಿನಷ್ಟಾಯಿತು. ಗಬ್ಬ, ಆಯುಷ್ಯ, ಕೆಚ್ಚಲುಬಾವು ತಡೆಯುವ ಶಕ್ತಿಯಂಥ, ರಕ್ತದ ಪಾಲು ಕಡಿಮೆಯಿರುವ ಗುಣಗಳಲ್ಲಿ ಮೂರರಿಂದ ನಾಲ್ಕು ಪಟ್ಟು. ನನಗೆ ಹಾಲಿನ ಏರಿಕೆಗಿಂತ ಇದೇ ದೊಡ್ಡದಾಗಿ ಕಾಣುತ್ತದೆ. ಹಳೆಯ ಪದ್ಧತಿ ಕೆಡಿಸಿದ್ದನ್ನು ಹೊಸದು ದುರಸ್ತಿ ಮಾಡಲು ತೊಡಗಿತು.

ಇನ್ನು ಇದರ ಕತ್ತಲ ಬದಿ. 1962ರಲ್ಲಿ ಹುಟ್ಟಿದ ಪಾನಿ ಫಾರ್ಮ್ ಅರ್ಲಿಂಡಾ ಚೀಫ್ ಎಂಬ ಹೋರಿಗೆ 16,000 ಹೆಣ್ಣುಮಕ್ಕಳು, ಐದು ಲಕ್ಷ ಮೊಮ್ಮಕ್ಕಳು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮರಿಮಕ್ಕಳು. ಒಂದು ಹಂತದಲ್ಲಿ ಹೋಲ್‌ಸ್ಟೀನ್ ತಳಿಯ ರಕ್ತದಲ್ಲಿ ಶೇ 14ರಷ್ಟು ಇವನದೇ. ಹಾಲಿನಲ್ಲಿ ಭಾರಿ ಹೋರಿ. ಆದರೆ ಅವನ ಒಂದು ವರ್ಣತಂತುವಿನ ಎಪಿಎಎಫ್1 ಎಂಬ ಜೀನಿನಲ್ಲಿ ಒಂದು ಅಕ್ಷರ ಕೆಟ್ಟಿತ್ತು. ಒಂದು ಪ್ರತಿ ಕೆಟ್ಟರೆ ಏನೂ ಆಗುವುದಿಲ್ಲ. ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಕೆಟ್ಟದ್ದೇ ಬಂದರೆ ಕರು ಹೊಟ್ಟೆಯಲ್ಲೇ ಸಾಯುತ್ತದೆ. ಚೀಫ್‌ನ ವಂಶ ಎರಡೂ ಕಡೆ ಹಬ್ಬಿದ್ದರಿಂದ ಜಗತ್ತಿನಾದ್ಯಂತ ಸುಮಾರು ಐದು ಲಕ್ಷ ಗರ್ಭಪಾತವಾಗಿರಬೇಕು, ನಷ್ಟ 42 ಕೋಟಿ ಡಾಲರ್ ಎಂದು ಸಂಶೋಧಕರ ಅಂದಾಜು. ದಶಕಗಳ ಕಾಲ ರೈತ ಇದನ್ನು ‘ಹಸು ತಿರುಗಿತು’ ಎಂದುಕೊಂಡು ಮತ್ತೆ ಇಂಜೆಕ್ಷನ್ ಕೊಡಿಸಿದ, ಅಷ್ಟೇ.

ಇದು ಪತ್ತೆಯಾದ ರೀತಿಯೇ ಸ್ವಾರಸ್ಯ. 2011ರಲ್ಲಿ ವ್ಯಾನ್‌ರೇಡನ್ ತಂಡ ಚಿಪ್ ಪರೀಕ್ಷೆಯಾದ ಸಾವಿರಾರು ದನಗಳಲ್ಲಿ ಇರುವುದನ್ನು ಬಿಟ್ಟು ಇಲ್ಲದಿರುವುದನ್ನು ಹುಡುಕಿತು. ಒಂದು ತುಣುಕು ತಳಿಯಲ್ಲಿ ಅಷ್ಟು ಹರಡಿದ್ದರೂ, ಎರಡೂ ಕಡೆಯಿಂದ ಅದೇ ತುಣುಕು ಪಡೆದ ಪ್ರಾಣಿ ಒಂದೂ ಜೀವಂತ ಸಿಗದಿದ್ದರೆ, ಅಂಥವು ಹುಟ್ಟುತ್ತಲೇ ಇಲ್ಲ ಎಂದರ್ಥ. ಹಾಗಾಗಿ ಜೀನೋಮ್ ಆಯ್ಕೆಯನ್ನು ಬೈಯುವವರು ಒಂದನ್ನು ಒಪ್ಪಬೇಕು: ಚೀಫ್‌ನ ಅವಾಂತರ ಚಿಪ್‌ಗಿಂತ ಹಿಂದಿನದು, ಅದನ್ನು ಬಯಲಿಗೆಳೆದದ್ದು ಚಿಪ್. ಹೊಗಳುವವರು ಒಪ್ಪಬೇಕಾದದ್ದೂ ಇದೆ. ತಲೆಮಾರು ಚಿಕ್ಕದಾದಷ್ಟೂ ರಕ್ತ ಬೇಗ ಒಂದೇ ಕಡೆ ಜಮೆಯಾಗುತ್ತದೆ. 2009ರ ನಂತರ ಹೋಲ್‌ಸ್ಟೀನ್‌ನಲ್ಲಿ ಒಳಸಂಬಂಧದ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರುವ ವೇಗ ಹೆಚ್ಚಾಗಿದೆ. ಉತ್ತರ ಅಮೆರಿಕದ ವೀರ್ಯ ಕೇಂದ್ರಗಳ ಹೋಲ್‌ಸ್ಟೀನ್ ಹೋರಿಗಳ ಗಂಡುವಂಶ ಹುಡುಕುತ್ತ ಹೋದ ವಿಜ್ಞಾನಿಗಳಿಗೆ 2015ರಲ್ಲಿ ಕಂಡದ್ದು ಎರಡೇ ಕವಲು. ಒಂದು ಇದೇ ಚೀಫ್‌ನದು, ಇನ್ನೊಂದು 1965ರಲ್ಲಿ ಹುಟ್ಟಿದ ಎಲೆವೇಶನ್ ಎಂಬ ಹೋರಿಯದು.

ಚಿಪ್ ತಾನಾಗಿ ಯಾವ ಹೋರಿ ಒಳ್ಳೆಯದೆಂದು ಹೇಳುವುದಿಲ್ಲ. ಕೇಳಿದ ಗುಣಕ್ಕೆ ಅಂಕ ಕೊಡುತ್ತದೆ. ಐರ್ಲೆಂಡಿನಲ್ಲಿ ವಸಂತದ ಹುಲ್ಲು ಚಿಗುರುವ ಹೊತ್ತಿಗೆ ಹಸು ಈಯಬೇಕು, ಇಲ್ಲದಿದ್ದರೆ ರೈತನಿಗೆ ಕೈಮೇವಿನ ಖರ್ಚು. ಆದ್ದರಿಂದ ಅವರ ಸೂಚ್ಯಂಕದಲ್ಲಿ ಗಬ್ಬಕ್ಕೆ ದೊಡ್ಡ ತೂಕ. ಸ್ವೀಡನ್ನಿನ ಉಪ್ಸಾಲಾದಲ್ಲಿರುವ ಇಂಟರ್‌ಬುಲ್ ಸಂಸ್ಥೆ ಒಂದೇ ಹೋರಿಗೆ ದೇಶದೇಶಕ್ಕೆ ಬೇರೆ ಅಂಕ ಪ್ರಕಟಿಸುತ್ತದೆ. ಕಾಳುಮೇವಿನ ಕೊಟ್ಟಿಗೆಯಲ್ಲಿ ಮೇಲಿರುವ ಹೋರಿ ನ್ಯೂಜಿಲೆಂಡಿನ ಹುಲ್ಲುಗಾವಲಿನಲ್ಲಿ ಹಿಂದೆ ಬೀಳಬಹುದು. ಅಮೆರಿಕದ ವಿಸ್ಕಾನ್ಸಿನ್‌ನ ಅಂಕಪಟ್ಟಿ ಹಿಡಿದು ಮಂಡ್ಯದ ರಾಗಿಹುಲ್ಲಿನ ಕೊಟ್ಟಿಗೆಗೆ ಹೋರಿ ಆರಿಸುವುದು ಎಷ್ಟು ಸರಿ ಎಂಬುದನ್ನು ಇದರಿಂದಲೇ ಊಹಿಸಬಹುದು.

ನಮ್ಮಲ್ಲಿಗೆ ಬರೋಣ. ಭಾರತದ ಮೊದಲ ಕೃತಕ ಗರ್ಭಧಾರಣೆ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರಿಯಲ್ಲಿ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ವೀರ್ಯ ಹಾಕಿದರು. 1969ರಲ್ಲಿ ಡೆನ್ಮಾರ್ಕ್ ನೆರವಿನಿಂದ ಹೆಸರಘಟ್ಟದಲ್ಲಿ ಕೇಂದ್ರ ಸರಕಾರದ ಘನೀಕೃತ ವೀರ್ಯ ಕೇಂದ್ರ ಬಂತು. ಅಂದರೆ ವೀರ್ಯ ಹಂಚುವ ವಿದ್ಯೆಯಲ್ಲಿ ನಾವು ಹಿಂದೆ ಬಿದ್ದವರಲ್ಲ. ಹಿಂದೆ ಬಿದ್ದದ್ದು ಬರೆದಿಡುವುದರಲ್ಲಿ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 19 ಕೋಟಿಗೂ ಹೆಚ್ಚು ದನಗಳಿವೆ, ಅವುಗಳಲ್ಲಿ 14 ಕೋಟಿ ನಾಟಿ, 5 ಕೋಟಿ ಮಿಶ್ರತಳಿ ಮತ್ತು ವಿದೇಶಿ. ಇವುಗಳ ಪೈಕಿ ಅಪ್ಪ ಯಾರೆಂದು ಗೊತ್ತಿದ್ದು, ಹಾಲನ್ನು ತಿಂಗಳು ತಿಂಗಳು ಅಳೆದು ಬರೆದಿಟ್ಟವು ಅತ್ಯಲ್ಪ. ಕಾಲು ಮಿಲಿಲೀಟರ್ ಹಿಡಿಯುವ ಆ ಸಣ್ಣ ನಳಿಕೆಯ ಮೇಲೆ ಹೋರಿಯ ನಂಬರು, ತಳಿ, ವೀರ್ಯ ಕೇಂದ್ರ, ತಾರೀಖು ಎಲ್ಲ ಅಚ್ಚಾಗಿರುತ್ತದೆ. ‘ಒಳ್ಳೇದು ಹಾಕಿ ಡಾಕ್ಟ್ರೇ’ ಎನ್ನುವುದರಾಚೆ ಮಾತು ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ನಳಿಕೆ ತಿಪ್ಪೆಗೆ.

ಚಿಪ್‌ಗಳಿಗೇನೂ ಬರವಿಲ್ಲ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಇಂಡಸ್‌ಚಿಪ್ ಮಾಡಿತು. 2021ರ ಆಗಸ್ಟಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಪಶು ಜೈವಿಕ ತಂತ್ರಜ್ಞಾನ ಸಂಸ್ಥೆ 11,496 ಗುರುತುಗಳ ಇಂಡಿಗೌ ತಂದಿತು. 2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಿ ದೇಶಕ್ಕೆಲ್ಲ ಒಂದೇ ಆದ ಗೌಚಿಪ್ ಬಿಡುಗಡೆ ಮಾಡಿದರು. ನಮ್ಮದೇ ಚಿಪ್ ಬೇಕೆನ್ನಲು ಒಳ್ಳೆಯ ಕಾರಣವಿದೆ. ಯುರೋಪಿನ ದನಗಳಲ್ಲಿ ಅಕ್ಷರ ಬದಲಾಗುವ ಜಾಗಗಳನ್ನು ನೋಡಿ ಆರಿಸಿದ ಗುರುತುಗಳಲ್ಲಿ ಎಷ್ಟೋ ನಮ್ಮ ಡುಬ್ಬದ ದನಗಳಲ್ಲಿ ಬದಲಾಗುವುದೇ ಇಲ್ಲ. ಹಾಲಿನ ಕೊಬ್ಬನ್ನು ಏರಿಳಿಸುವ ಡಿಜಿಎಟಿ1 ಜೀನು ಒಂದು ಉದಾಹರಣೆ: ಹೋಲ್‌ಸ್ಟೀನ್‌ಗಳಲ್ಲಿ ಅದರ ಎರಡು ರೂಪಗಳಿವೆ, ಒಂದನ್ನು ಆರಿಸಬಹುದು, ನಾಟಿ ಹಸುಗಳಲ್ಲಿ ಬಹುಪಾಲು ಕೊಬ್ಬು ಹೆಚ್ಚಿಸುವ ರೂಪ ಮಾತ್ರ. ಆರಿಸಲು ಏನೂ ಉಳಿದಿಲ್ಲ. ಹಾಲಿನ ಪ್ರೋಟೀನೊಂದರ ಎ1, ಎ2 ಎಂಬ ಎರಡು ರೂಪಗಳಲ್ಲಿ ಎ2 ಆರೋಗ್ಯಕ್ಕೆ ಒಳ್ಳೆಯದೆಂಬ ಗದ್ದಲವೂ ಹೀಗೆಯೇ. ನಮ್ಮ ತಳಿಗಳು ಹೆಚ್ಚುಕಡಿಮೆ ಎಲ್ಲ ಎ2. ಎ1 ಹಾಲಿಗೂ ರೋಗಗಳಿಗೂ ಕಾರಣ-ಪರಿಣಾಮದ ಸಂಬಂಧ ಸ್ಥಾಪಿತವಾಗಿಲ್ಲ ಎಂದು ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2009ರಲ್ಲೇ ಹೇಳಿದೆ. ಆ ಒಂದಕ್ಷರಕ್ಕಾಗಿ ಹೋರಿ ಆರಿಸುವುದು ಮಾರಾಟಗಾರನಿಗೆ ಲಾಭ, ತಳಿಗಲ್ಲ.

ನಮ್ಮ ಕೊರತೆ ಆಧಾರ ಗುಂಪಿನದು. ಸಂತತಿ ಪರೀಕ್ಷೆ ನಡೆಯುವ ಹಳ್ಳಿಗಳಲ್ಲಿ ಹಾಲು ದಾಖಲಿಸುವವನ ದಿನಚರಿ ನೋಡಿದರೆ ಕಷ್ಟ ತಿಳಿಯುತ್ತದೆ. ತಿಂಗಳಿಗೊಮ್ಮೆ ಪ್ರತಿ ಹಸುವಿನ ಬಳಿ ಬೆಳಿಗ್ಗೆ ಹಿಂಡುವ ಹೊತ್ತಿಗೂ ಸಂಜೆ ಹಿಂಡುವ ಹೊತ್ತಿಗೂ ಹಾಜರಿರಬೇಕು. ತಕ್ಕಡಿ, ಸ್ಯಾಂಪಲ್ ಬಾಟಲಿ, ಕಿವಿಯೋಲೆಯ ಹನ್ನೆರಡಂಕಿಯ ನಂಬರು ಓದಲು ಟಾರ್ಚು. ಹೀಗೆ ಹತ್ತು ಹನ್ನೊಂದು ತಿಂಗಳು. ನಾಟಿ ಹಸುವಾದರೆ ಕರು ಬಾಯಿ ಹಾಕದೆ ಹಾಲು ಇಳಿಸುವುದಿಲ್ಲ, ಹಿಂಡಿದ ಮೇಲೂ ಕರುವಿಗೆಂದು ಒಂದು ಮೊಲೆ ಬಿಟ್ಟಿರುತ್ತಾರೆ. ಆ ಹಾಲು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನಡುವೆ ರೈತ ಹಸು ಮಾರಿದರೆ ಆರು ತಿಂಗಳ ಶ್ರಮ ನೀರುಪಾಲು. ಇನ್ನೊಂದು ತೊಡಕು ಲೆಕ್ಕದ್ದೇ. ಐನೂರು ಹಸುಗಳ ಡೇರಿಯಲ್ಲಿ ಎಲ್ಲಕ್ಕೂ ಒಂದೇ ಮೇವು, ಆದ್ದರಿಂದ ವ್ಯತ್ಯಾಸದಲ್ಲಿ ರಕ್ತದ ಪಾಲನ್ನು ಸೋಸಿ ತೆಗೆಯಬಹುದು. ಎರಡೇ ಹಸುಗಳ ಮನೆಯಲ್ಲಿ ಹಾಲು ಹೆಚ್ಚಿದ್ದು ಹೋರಿಯಿಂದಲೋ ಮನೆಯೊಡತಿಯ ಹಿಂಡಿ-ಬೂಸಾದಿಂದಲೋ ಯಾರು ಹೇಳಬೇಕು?

ಜೀನೋಮ್ ನಿಜಕ್ಕೂ ನೆರವಿಗೆ ಬರುವುದು ಇಲ್ಲಿ. ಅಪ್ಪನ ಹೆಸರು ಬರೆದಿಡದ ಹಸುಗಳ ನಂಟನ್ನೂ ಡಿಎನ್‌ಎ ಬಿಡಿಸುತ್ತದೆ. ಒಂದೇ ಹೋರಿಯ ಹೆಣ್ಣುಮಕ್ಕಳು ಇಪ್ಪತ್ತು ಹಳ್ಳಿಗಳ ಇಪ್ಪತ್ತು ಮನೆಗಳಲ್ಲಿ ಚದುರಿದ್ದರೂ ಗುರುತು ಸಿಗುತ್ತದೆ, ಆಗ ಮನೆಮನೆಯ ವ್ಯತ್ಯಾಸವನ್ನು ಹೋರಿಯ ವ್ಯತ್ಯಾಸದಿಂದ ಬೇರ್ಪಡಿಸಬಹುದು. ಟಾಂಜಾನಿಯಾ ಮತ್ತು ಇಥಿಯೋಪಿಯಾದ ಸಣ್ಣ ಹಿಡುವಳಿದಾರರ ನಡುವೆ ಅಂತಾರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಇದೇ ಹಾದಿ ಹಿಡಿದಿದೆ. ಶ್ರೀಮಂತ ದೇಶಗಳಲ್ಲಿ ಚಿಪ್ ಕಾಯುವ ಕಾಲ ಉಳಿಸಿತು. ನಮ್ಮಂಥ ಕಡೆ ಇಲ್ಲದ ವಂಶಾವಳಿಯನ್ನೇ ಅದು ಕಟ್ಟಿಕೊಡಬಲ್ಲದು. ಮಿಶ್ರತಳಿಗಳಿಗಂತೂ ಯಾವ ಪ್ರಾಣಿಯಲ್ಲಿ ಹೋಲ್‌ಸ್ಟೀನ್ ರಕ್ತ ಎಷ್ಟು ಪಾಲು ಇದೆ ಎಂದು ತಿಳಿಯುವುದೇ ಅರ್ಧ ಕೆಲಸ.

ನಾಟಿ ತಳಿಗಳ ಪ್ರಶ್ನೆ ಇನ್ನೂ ಇಕ್ಕಟ್ಟಿನದು. ಅಮೃತಮಹಲ್, ಹಳ್ಳಿಕಾರ್, ಖಿಲಾರಿಗಳನ್ನು ತಲೆತಲಾಂತರದಿಂದ ಆರಿಸಿದ್ದು ಎಳೆಯುವ ಬಲಕ್ಕೆ, ಓಟಕ್ಕೆ. ಆ ಗುಣವನ್ನು ಯಾರೂ ಅಂಕಿಯಲ್ಲಿ ಬರೆದಿಟ್ಟಿಲ್ಲ, ಬರೆಯದ ಗುಣಕ್ಕೆ ಚಿಪ್ ಅಂಕ ಕೊಡಲಾರದು. ಅಳೆಯಲು ಸುಲಭವೆಂದು ಇವುಗಳನ್ನೂ ಹಾಲಿನ ಸೂಚ್ಯಂಕಕ್ಕೆ ಕಟ್ಟಿದರೆ, ಕೆಲವು ತಲೆಮಾರಿನಲ್ಲಿ ಹಳ್ಳಿಕಾರ್ ಹೆಸರಿನ ಎರಡನೇ ದರ್ಜೆಯ ಹಾಲಿನ ಹಸು ಉಳಿದೀತು. ಮಲೆನಾಡು ಗಿಡ್ಡದಂಥ ಪುಟ್ಟ ದನಕ್ಕೆ ಆ ಲೆಕ್ಕ ಇನ್ನೂ ಅಪಾಯ. ಇಂಥ ತಳಿಗಳಲ್ಲಿ ಚಿಪ್‌ನ ಮೊದಲ ಕೆಲಸ ಆಯ್ಕೆಯಾಗಬಾರದು, ಉಳಿವಾಗಬೇಕು: ಯಾವ ಹೋರಿಗಳು ಒಂದಕ್ಕೊಂದು ದೂರದ ನಂಟಿನವು, ಯಾವುದರ ರಕ್ತ ಅಪರೂಪ ಎಂದು ನೋಡಿ ಜೋಡಿಸುವುದು. ಅಮೆರಿಕದ ಬ್ರಾಹ್ಮನ್ ತಳಿ ಕಟ್ಟಲು ಹೋದ ದನಗಳಲ್ಲಿ ನಮ್ಮ ಕೃಷ್ಣಾ ಕಣಿವೆಯವೂ ಇದ್ದವು. ಊರಿನಲ್ಲೇ ಇಂದು ಅವನ್ನು ಹುಡುಕಬೇಕು.

ಮಿಶ್ರತಳಿಗಳಿಗೆ ಬೇಕಾದ ಹಾಲಿನ ಲೆಕ್ಕ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕರ್ನಾಟಕ ಹಾಲು ಮಹಾಮಂಡಳದ ಸಂಗ್ರಹ 2024ರ ಜೂನ್ ಕೊನೆಗೆ ದಿನಕ್ಕೆ ಒಂದು ಕೋಟಿ ಲೀಟರ್ ಮುಟ್ಟಿತು. ಹಳ್ಳಿಯ ಡೇರಿಯಲ್ಲಿ ಪ್ರತಿ ಸದಸ್ಯನ ಹಾಲೂ ದಿನಕ್ಕೆ ಎರಡು ಹೊತ್ತು ಅಳತೆಯಾಗುತ್ತದೆ: ಎಷ್ಟು ಲೀಟರು, ಎಷ್ಟು ಫ್ಯಾಟ್, ಎಷ್ಟು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ). ತಿಂಗಳಿಗೊಮ್ಮೆ ಬರುವ ದಾಖಲೆಗಾರ ಕನಸಿನಲ್ಲೂ ಕಾಣದಷ್ಟು ದಟ್ಟವಾದ ಲೆಕ್ಕ ಅದು. ಆದರೆ ಅದು ಮನೆಯ ಹೆಸರಿನಲ್ಲಿದೆ, ಹಸುವಿನ ಹೆಸರಿನಲ್ಲಿಲ್ಲ. ಕಿವಿಯೋಲೆಯ ನಂಬರು ಒಂದು ಇಲಾಖೆಯ ಕಂಪ್ಯೂಟರಿನಲ್ಲಿ, ಸದಸ್ಯನ ನಂಬರು ಸಂಘದ ಯಂತ್ರದಲ್ಲಿ. ಕರೆಯುವ ಹಸು ಒಂದೇ ಇರುವ ಮನೆಗಳಲ್ಲಾದರೂ ಎರಡನ್ನೂ ಜೋಡಿಸಿದರೆ, ಆ ಹಸುವಿನ ಕಿವಿಯಿಂದ ಚಿಟಿಕೆಯಷ್ಟು ಅಂಗಾಂಶ ತೆಗೆದರೆ, ಮಿಶ್ರತಳಿಗಳಿಗೆ ಒಂದು ಆಧಾರ ಗುಂಪು ಇಲ್ಲೇ ಶುರುವಾಗಬಹುದು. ಮನೆಗೆ ಉಳಿಸಿಕೊಂಡ ಹಾಲು, ಪಕ್ಕದ ಹೋಟೆಲಿಗೆ ಕೊಟ್ಟ ಹಾಲು ಲೆಕ್ಕದಿಂದ ತಪ್ಪುತ್ತದೆ, ನಿಜ. ಅದನ್ನು ತಿಂಗಳಿಗೊಮ್ಮೆ ಕೇಳಿ ಬರೆದುಕೊಳ್ಳಲು ಒಬ್ಬ ಮನುಷ್ಯ ಸಾಕು. ಅವನ ಸಂಬಳವನ್ನು ಯಾವ ಇಲಾಖೆ ಕೊಡಬೇಕೆಂಬುದು ಇತ್ಯರ್ಥವಾಗಬೇಕು.